ಟೆಲ್ಮೊ ಮೌನ ಹಿಡಿದ ಭಾನುವಾರ

ಸ್ವೀಡನ್‌ನ ಎಸ್ಕಿಲ್‌ಸ್ಟುನಾ ಊರಿನ ಸ್ವೀಡಿಷ್ ಭಾಷೆಯ ತರಗತಿಯಲ್ಲಿ ನಮ್ಮ ಟೀಚರ್ ಒಂದು ಕಟ್ಟಳೆ ಮಾಡಿದ್ದರು. ಯಾವ ಪ್ರಶ್ನೆಗೇ ಆಗಲಿ, ಟೆಲ್ಮೊ ಎಲ್ಲರಿಗಿಂತ ಕೊನೆಯಲ್ಲಿ ಉತ್ತರ ಹೇಳಬೇಕು. ಅವನನ್ನು ಮೊದಲು ಬಿಟ್ಟರೆ ಉಳಿದವರಿಗೆ ಹೊತ್ತೇ ಉಳಿಯುತ್ತಿರಲಿಲ್ಲ.

ಅದು 2004ನೇ ಇಸವಿ. ಹೊರಗಿನಿಂದ ಬಂದು ನೆಲೆಸಿದವರಿಗಾಗಿ ಕಮ್ಯೂನ್, ಅಂದರೆ ಊರಿನ ಆಡಳಿತದವರು, ನಡೆಸುವ ಪುಕ್ಕಟೆ ತರಗತಿ. ನಮ್ಮ ಯಜಮಾನರು ರಾಜಶೇಖರ ಇಲ್ಲಿ ಮಣ್ಣು ಅಗೆಯುವ ಯಂತ್ರಗಳನ್ನು ಮಾಡುವ ಕಡೆ ಎಂಜಿನಿಯರ್. ಅವರು ಕೆಲಸಕ್ಕೆ, ಮಗಳು ನಿವೇದಿತಾ ಶಾಲೆಗೆ ಹೋದ ಮೇಲೆ ನಾನು ದೇವರ ದೀಪ ಶಾಂತ ಮಾಡಿ, ಸೈಕಲ್ ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಟೆಲ್ಮೊ ಪಕ್ಕದ ಕುರ್ಚಿ ಯಾವಾಗಲೂ ಖಾಲಿ. ಅಲ್ಲಿ ಕೂತವರಿಗೆ ಪಾಠ ಕೇಳಿಸುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ತಡವಾಗಿ ಸೇರಿದ ನನಗೆ ಆ ಕುರ್ಚಿಯೇ ಗತಿಯಾಯಿತು.

ಟೆಲ್ಮೊ ಬರ್ರಾದಾಸ್ ಪೋರ್ಚುಗಲ್‌ನವನು, ಕಸುಬಿನಲ್ಲಿ ಫುಟ್‌ಬಾಲ್ ಆಟಗಾರ. ಆಗಲೇ ಮೂವತ್ತೈದು ಮುಟ್ಟಿದ್ದ. ಕಪ್ಪು ಗುಂಗುರು ಕೂದಲು, ಬಿಲ್ಲಿನಂತೆ ಬಾಗಿದ ಕಾಲು, ಒಂದು ಕಡೆ ಸುಮ್ಮನೆ ನಿಲ್ಲದ ಕೈಗಳು. ನಿನ್ನೆ ಏನು ಮಾಡಿದಿರಿ ಎಂದು ಟೀಚರ್ ಕೇಳಿದರೆ ಬೇರೆಯವರು ಅಂಗಡಿಗೆ ಹೋದೆ, ಮಲಗಿದೆ ಎಂದು ಮುಗಿಸುತ್ತಿದ್ದರು. ಇವನು ರಬ್ಬರು, ಪೆನ್ನು, ಪಕ್ಕದವರ ಕೈಗವಸು ಎಲ್ಲವನ್ನೂ ಮೇಜಿನ ಮೇಲೆ ಹರಡಿ ನಿನ್ನೆಯ ಪಂದ್ಯವನ್ನು ಮತ್ತೆ ಆಡಿಸುತ್ತಿದ್ದ. ನನ್ನ ಕನ್ನಡಕದ ಡಬ್ಬಿ ಪ್ರತಿಸಲವೂ ಎದುರಾಳಿ ತಂಡದ ಗೋಲ್‌ಕೀಪರ್.

ಅವನ ಸ್ವೀಡಿಷ್ ನನ್ನದರಷ್ಟೇ ಕುಂಟು. ಆದರೂ ಅವನ ಜೀವನ ನನಗೆ ಸ್ವಲ್ಪಸ್ವಲ್ಪವಾಗಿ ತಿಳಿಯುತ್ತ ಹೋಯಿತು, ಬಿಡುವಿನ ಕಾಫಿಯ ಹೊತ್ತಿನಲ್ಲಿ, ಸೈಕಲ್ ನಿಲ್ಲಿಸುವ ಕಡೆಯಲ್ಲಿ, ಒಮ್ಮೊಮ್ಮೆ ಬಸ್ ಬರುವವರೆಗೆ.

ಅವನು ಹುಟ್ಟಿದ್ದು ಪೋರ್ಚುಗಲ್‌ನ ತೆಂಕಣ ತೀರದ ಒಂದು ಮೀನುಗಾರರ ಊರಿನಲ್ಲಿ. ಅಪ್ಪ ಜೊವಾಕಿಂ ಬೂತಾಯಿ ಮೀನು ಹಿಡಿಯುವ ದೋಣಿಯಲ್ಲಿ ಬಲೆಯ ಮೇಲ್ವಿಚಾರಕ. ಹುಡುಗರು ಆಡುತ್ತಿದ್ದುದು ದೋಣಿ ನಿಲ್ಲುವ ದಕ್ಕೆಯ ಮೇಲೆ, ಒಣಗಲು ಹಾಕಿದ ಬಲೆಗಳ ನಡುವೆ. ಚೆಂಡನ್ನು ನೀರಿಗೆ ಬಿಟ್ಟವನೇ ಹಾರಿ ತರಬೇಕು. "ಅದಕ್ಕೇ ನಾನು ಚೆಂಡು ಕಳ್ಕೊಳ್ಳದೆ ಆಡೋದು ಕಲಿತಿದ್ದು. ಆ ನೀರು ಅಷ್ಟು ತಣ್ಣಗಿತ್ತು" ಎನ್ನುತ್ತಿದ್ದ.

ಹತ್ತೊಂಬತ್ತನೇ ವಯಸ್ಸಿಗೆ ಊರಿನ ಕ್ಲಬ್ಬು ಅವನನ್ನು ಸಂಬಳಕ್ಕೆ ಸೇರಿಸಿಕೊಂಡಿತು. ಮೈದಾನದ ನಟ್ಟನಡುವೆ, ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಮಧ್ಯೆ ಅವನ ಜಾಗ. ಮೊದಲ ಪಂದ್ಯಕ್ಕೆ ಅಪ್ಪ ದೋಣಿಯಿಂದ ನೇರವಾಗಿ, ಮೀನು ವಾಸನೆಯ ಅಂಗಿಯಲ್ಲೇ ಬಂದರು. ತಂಡ ಗೆದ್ದಿತು. ಆಟ ಮುಗಿದ ಮೇಲೆ ಗೇಟಿನ ಹತ್ತಿರ ಅಪ್ಪ ಮಗನನ್ನು ಕೇಳಿದರಂತೆ, "ಎಲ್ಲರೂ ಆಡಿದ್ದು ಕಂಡಿತು. ನೀನು ಎಲ್ಲಿದ್ದೆ?"

ಅವರು ಚುಚ್ಚಲು ಕೇಳಿದ್ದಲ್ಲ. ಗೋಲು ಹೊಡೆದವನು ಕಂಡ, ಗೋಲು ತಡೆದವನು ಕಂಡ, ಮಗ ಕಾಣಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕೇಳಿದರು. ಆಮೇಲೆ ಮತ್ತೆ ಯಾವ ಪಂದ್ಯಕ್ಕೂ ಬರಲಿಲ್ಲ. ಟೆಲ್ಮೊ ಈ ಮಾತನ್ನು ನಗುತ್ತಲೇ ಹೇಳುತ್ತಿದ್ದ. ಆದರೆ ಬೇರೆ ಯಾವ ಕಥೆಯನ್ನೂ ಅವನು ಅಷ್ಟು ಸಲ ಹೇಳಿದ್ದಿಲ್ಲ.

ಮುಂದೆ ಅವನು ಬೆಟ್ಟದ ಊರೊಂದರ ಕ್ಲಬ್ಬಿಗೆ ಆಡಿದ. ಸಮುದ್ರದ ನಡುವಿನ ದ್ವೀಪದ ಕ್ಲಬ್ಬಿಗೆ ಆಡಿದ. ಅಲ್ಲಿ ಗಾಳಿ ಜೋರಾದರೆ ವಿಮಾನ ಇಳಿಯದೆ ಎದುರಾಳಿ ತಂಡವೇ ಬರುತ್ತಿರಲಿಲ್ಲವಂತೆ. ಸೈಪ್ರಸ್‌ನಲ್ಲಿ ಒಂದಷ್ಟು ಕಾಲ ಇದ್ದ. 2001ರ ಫೆಬ್ರವರಿಯಲ್ಲಿ ಮೂರು ತಿಂಗಳ ಮಟ್ಟಿಗೆಂದು ಉತ್ತರ ಸ್ವೀಡನ್‌ಗೆ ಬಂದ. ಉಮೆಯೊ ಪಟ್ಟಣಕ್ಕಿಂತಲೂ ಉತ್ತರದ ಊರು. ಕಾಲಿಗೆ ಕ್ಯಾನ್ವಾಸ್ ಶೂ, ಮೈಮೇಲೆ ಮಳೆ ಅಂಗಿ. ವಿಮಾನದ ಮೆಟ್ಟಿಲಲ್ಲೇ ನಿಂತು, ಮೈದಾನ ಎಲ್ಲಿದೆ ಎಂದು ಕೇಳಿದನಂತೆ. ಕರೆದೊಯ್ಯಲು ಬಂದವರು ಹಿಮದ ಕಡೆ ಕೈ ತೋರಿಸಿ, ಅದರ ಕೆಳಗೆ ಇದೆ ಎಂದರಂತೆ. ಅಲ್ಲಿ ಎರಡು ವರ್ಷ ಚೆನ್ನಾಗಿ ಆಡಿದ, ಆಮೇಲೆ ಮೊಣಕಾಲು ಕೈಕೊಟ್ಟಿತು. ಮೇಲಿನ ದರ್ಜೆಯಿಂದ ಕೆಳಗೆ ಬರುತ್ತ ಬರುತ್ತ ನಮ್ಮ ಊರಿನ ಸಣ್ಣ ಕ್ಲಬ್ಬಿಗೆ ಬಂದು ನಿಂತ. ಇಲ್ಲಿ ಸಂಬಳ ಸಾಲದ್ದಕ್ಕೆ ಕ್ಲಬ್ಬಿನವರು ಮೈದಾನ ನೋಡಿಕೊಳ್ಳುವ ಕೆಲಸವನ್ನೂ ಕೊಟ್ಟರು. ಬೆಳಗ್ಗೆ ಹುಲ್ಲು ಕತ್ತರಿಸಿ, ಬಿಳಿ ಗೆರೆ ಎಳೆದು, ಸಂಜೆ ಅದೇ ಗೆರೆಯೊಳಗೆ ಓಡುತ್ತಿದ್ದ.

ಇಷ್ಟು ವರ್ಷದಲ್ಲಿ ಎಷ್ಟು ಗೋಲು ಹೊಡೆದೆ ಎಂದು ನಮ್ಮ ಯಜಮಾನರು ಒಮ್ಮೆ ಕೇಳಿದರು. ಅವನು ಬೆರಳು ಮಡಚಿ ಎಣಿಸಿ, ಒಂದು ಕೈಯಲ್ಲೇ ಮುಗಿಸಿ, "ಅದರಲ್ಲೊಂದು ನಮ್ಮ ಗೋಲಿಗೇ" ಎಂದ.

ಹಾಗಾದರೆ ಅವನ ಕೆಲಸವೇನು? ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಕಾಫಿ ಲೋಟಗಳನ್ನಿಟ್ಟು ಅವನು ತೋರಿಸಿದ್ದು ಇಷ್ಟು. ಚೆಂಡು ಬರುವುದಕ್ಕೆ ಮೊದಲೇ ಯಾರು ಎಲ್ಲಿಗೆ ಸರಿಯಬೇಕೆಂದು ಹೇಳುವುದು. ತಾನು ಅಲ್ಲಿ ನಿಲ್ಲುವುದು. ಎದುರಾಳಿ ಆ ದಾರಿ ಮುಚ್ಚಿದೆಯೆಂದು ಬೇರೆ ಕಡೆ ಹೋಗುವ ಹಾಗೆ ಮಾಡುವುದು. ಎಲ್ಲ ಸರಿಯಾಗಿ ನಡೆದರೆ ಅಲ್ಲಿ ಏನೂ ನಡೆದಂತೆ ಕಾಣುವುದಿಲ್ಲ. ಈ ಕೆಲಸಕ್ಕೆ ಕಾಲಿಗಿಂತ ಹೆಚ್ಚು ಬಾಯಿ ಬೇಕು. "ಹಿಂದೆ ಇದಾನೆ, ತಿರುಗು, ಬಿಡು, ಎಡಕ್ಕೆ" ಎಂದು ಪಂದ್ಯವಿಡೀ ಕೂಗುತ್ತಲೇ ಇರುತ್ತಿದ್ದ. ಕಷ್ಟವೇನೆಂದರೆ ಆ ಬಾಯಿ ತನ್ನವರ ಹತ್ತಿರವೇ ನಿಲ್ಲುತ್ತಿರಲಿಲ್ಲ. ರೆಫರಿಯ ಹತ್ತಿರವೂ ಹೋಗುತ್ತಿತ್ತು.

ರೆಫರಿ ಸೀಟಿ ಊದಿದರೆ ಸ್ವೀಡನ್‌ನ ಆಟಗಾರರು ತಲೆ ತಗ್ಗಿಸಿ ನಡೆದುಬಿಡುತ್ತಾರೆ. ಟೆಲ್ಮೊ ಎರಡೂ ಕೈ ಬೀಸುತ್ತ ಓಡಿಬಂದು ನ್ಯಾಯ ಕೇಳುತ್ತಿದ್ದ. ಎಚ್ಚರಿಕೆಯ ಹಳದಿ ಕಾರ್ಡ್ ರೆಫರಿಯ ಜೇಬಿನಿಂದ ಹೊರಗೆ ಬರುತ್ತಿತ್ತು. ಒಂದು ವರ್ಷದ ಪಂದ್ಯಗಳಲ್ಲಿ ಮೂರು ಹಳದಿ ಕಾರ್ಡ್ ಬಿದ್ದರೆ ಅದರ ಮುಂದಿನ ಪಂದ್ಯಕ್ಕೆ ಹೊರಗಿರಬೇಕು. ಕಾಲಿನ ತಪ್ಪಿಗೆ ಬಿದ್ದ ಕಾರ್ಡು ಅಪರೂಪ, ಎಲ್ಲ ನಾಲಿಗೆಯದೇ ಎಂದು ಕೋಚ್ ಯೋರಾನ್ ತಲೆ ಚಚ್ಚಿಕೊಳ್ಳುತ್ತಿದ್ದರು.

ನಿವೇದಿತಾ ಆ ಕ್ಲಬ್ಬಿನ ಹುಡುಗಿಯರ ತಂಡಕ್ಕೆ ಸೇರಿದಳು. ಅವರಿಗೆ ಕಲಿಸುತ್ತಿದ್ದವನು ಟೆಲ್ಮೊ. ಹೀಗೆ ಅವನು ನಮ್ಮ ಮನೆಗೆ ಬಂದು ಹೋಗುವವನಾದ. ಉಪ್ಪಿಟ್ಟು ತಿಂದ, ಮೆಣಸಿನಪುಡಿ ಕೇಳಿ ಹಾಕಿಸಿಕೊಂಡ, ದೇವರ ಮುಂದೆ ನಿಂತು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಅವನ ಆಟದ ಚೀಲದಲ್ಲೂ ಮೇರಿ ತಾಯಿಯ ಸಣ್ಣದೊಂದು ಪಟ ಇತ್ತು. ದೋಣಿಗೆ ಹೋಗುವವರನ್ನು ಕಾಯುವವಳಂತೆ.

2006ರ ಜುಲೈನಲ್ಲಿ ಅರಸೀಕೆರೆಯಿಂದ ನಮ್ಮ ಅತ್ತೆ ಶಾರದಮ್ಮನವರು ಬಂದರು. ಅವರು ಶನಿವಾರ ಬೆಳಗ್ಗೆ ದೀಪ ಹಚ್ಚಿದರೆ ಸಂಜೆ ದೀಪದವರೆಗೆ ಮೌನ. ಎಷ್ಟೋ ವರ್ಷದಿಂದ ನಡೆಸಿಕೊಂಡು ಬಂದ ವ್ರತ. ಟೆಲ್ಮೊ ಅವರನ್ನು ಮೊದಲು ನೋಡಿದ್ದು ಒಂದು ಶನಿವಾರ. ನಾನು ಒಳಗೆ ಕಾಫಿ ಸೋಸಿ ತರುವಷ್ಟರಲ್ಲಿ ಅವನು ಕುರ್ಚಿ ಎಳೆದುಕೊಂಡು ಹಿಂದಿನ ವಾರದ ಸೋಲಿಗೆ ಕಾರಣಗಳನ್ನು ಸ್ವೀಡಿಷ್‌ನಲ್ಲಿ ಹೇಳತೊಡಗಿದ್ದ. ಅತ್ತೆ ಅವನ ಮುಖವನ್ನೇ ನೋಡುತ್ತ ತಲೆದೂಗುತ್ತಿದ್ದರು. ಹೋಗುವಾಗ ಅವನು ಬಾಗಿಲಲ್ಲಿ ನಿಂತು, ನಿಮ್ಮ ಅತ್ತೆಯಷ್ಟು ಆಟ ಬಲ್ಲವರನ್ನು ನಾನು ಈ ದೇಶದಲ್ಲಿ ನೋಡಿಲ್ಲ, ನಾನು ಹೇಳಿದ್ದಕ್ಕೆಲ್ಲ ಒಪ್ಪಿದರು ಎಂದ.

ಮಾರನೆಯ ದಿನ ಅತ್ತೆ ಬಾಯಿ ಬಿಟ್ಟು "ಬಾಪ್ಪಾ, ತಿಂಡಿ ಆಯ್ತಾ?" ಎಂದಾಗ ಬೆಚ್ಚಿಬಿದ್ದ. ಅವರಿಗೆ ಮಾತು ಬರುವುದಿಲ್ಲ ಎಂದುಕೊಂಡಿದ್ದನಂತೆ. ಅಂದಿನಿಂದ ನಿವೇದಿತಾ ಕರೆಯುವುದನ್ನು ಕೇಳಿ ಅವನೂ "ಅಜ್ಜಿ" ಎಂದೇ ಕರೆದ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಸಂಜೆ ಅವನು ಬಂದು ಸುಮ್ಮನೆ ಕೂತ. ಅದೇ ನಮಗೆ ಗಾಬರಿ. ಕೇಳಿದರೆ ಎರಡು ಸುದ್ದಿ ಹೇಳಿದ. ಒಂದು, ಈ ವರ್ಷಕ್ಕೆ ಆಟ ಸಾಕು ಮಾಡುತ್ತೇನೆ, ಮೊಣಕಾಲು ಇನ್ನು ಬೇಡ ಅನ್ನುತ್ತಿದೆ. ಇನ್ನೊಂದು, ಅಪ್ಪ ಬರುತ್ತಿದ್ದಾರೆ. ದೋಣಿ ಬಿಟ್ಟು ಮನೆಯಲ್ಲಿದ್ದ ಅಪ್ಪನಿಗೆ ಅಕ್ಕ ವಿಮಾನದ ಟಿಕೆಟ್ ಕೊಡಿಸಿದ್ದಾಳೆ. ಮಗನ ಕೊನೆಯ ಪಂದ್ಯ ನೋಡಬೇಕೆಂದು ಅವರೇ ಬಾಯಿಬಿಟ್ಟು ಹೇಳಿದ್ದಾರೆ. ಫೋನಿನಲ್ಲಿ ಅವರು ಆಡಿದ ಮಾತನ್ನು ಟೆಲ್ಮೊ ಎರಡು ಸಲ ಹೇಳಿದ: "ಈ ಸಲ ಕನ್ನಡಕ ಹಾಕ್ಕೊಂಡು ಬರ್ತೀನಿ. ನೀನು ಎಲ್ಲಿರ್ತೀಯ ನೋಡೇಬಿಡ್ತೀನಿ."

"ಖುಷಿ ವಿಷಯ ಅಲ್ವಾ?" ಎಂದೆ.

ಅವನು ಎರಡು ಬೆರಳು ಎತ್ತಿದ. ಆಗಲೇ ಎರಡು ಹಳದಿ ಕಾರ್ಡ್. ಉಳಿದಿರುವುದು ಎರಡು ಪಂದ್ಯ. ಮುಂದಿನ ಭಾನುವಾರ ಸರೋವರದ ಆಚೆಯ ಊರಿನಲ್ಲಿ ಒಂದು. ಅದರ ಮುಂದಿನ ಶನಿವಾರ ನಮ್ಮ ಮೈದಾನದಲ್ಲಿ ಕೊನೆಯದು. ಭಾನುವಾರ ಮೂರನೆಯ ಕಾರ್ಡ್ ಬಿದ್ದರೆ ಶನಿವಾರ ಅಪ್ಪ ಕನ್ನಡಕ ಹಾಕಿಕೊಂಡು ಬಂದು ನೋಡಲು ಮಗ ಮೈದಾನದಲ್ಲೇ ಇರುವುದಿಲ್ಲ. ಭಾನುವಾರದ ಪಂದ್ಯಕ್ಕೆ ಹೋಗದೆಯೇ ಇದ್ದರೆ? ಅದನ್ನೂ ಯೋರಾನ್ ಹತ್ತಿರ ಕೇಳಿದ್ದನಂತೆ. ತಂಡದಲ್ಲಿ ಇಬ್ಬರಿಗೆ ಕಾಲು ಪೆಟ್ಟಾಗಿದೆ, ನೀನೂ ಬರದಿದ್ದರೆ ನಾನೇ ಚಡ್ಡಿ ಹಾಕಬೇಕಾಗುತ್ತದೆ ಎಂದರಂತೆ.

ಅತ್ತೆ ಅವರೆಕಾಯಿ ಬದಲಿಗೆ ಸಿಕ್ಕಿದ ಯಾವುದೋ ಕಾಳು ಬಿಡಿಸುತ್ತ ಕೂತಿದ್ದರು. "ಏನಂತೆ ಇವನಿಗೆ? ಮುಖ ಬಾಡಿಸ್ಕೊಂಡು ಕೂತಿದಾನೆ."

ವಿಷಯ ಹೇಳಿದೆ.

"ಆಡಬೇಡ ಅಂತಾರಾ, ಮಾತಾಡಬೇಡ ಅಂತಾರಾ?"

"ಮಾತಾಡಬೇಡ ಅಂತ."

"ಅಷ್ಟೇ ತಾನೆ? ಹಂಗಾದ್ರೆ ಅವತ್ತೊಂದು ದಿನ ಮೌನ ಹಿಡೀಲಿ. ಬೆಳಗ್ಗೆ ಆ ತಾಯಿ ಪಟದ ಮುಂದೆ ದೀಪ ಹಚ್ಚಿ ಸಂಕಲ್ಪ ಮಾಡ್ಕೊಳ್ಳಲಿ, ನಾಲಿಗೆ ತಾನಾಗೇ ನಿಲ್ಲತ್ತೆ."

ನಿವೇದಿತಾ ಅದನ್ನು ಸ್ವೀಡಿಷ್‌ಗೆ ತಿರುಗಿಸಿ ಹೇಳಿದಳು. ಟೆಲ್ಮೊ ಒಂದೇ ಪ್ರಶ್ನೆ ಕೇಳಿದ. ರೆಫರಿ ತಪ್ಪು ಮಾಡಿದಾಗ ಒಳಗಿನಿಂದ ಬಂದೇ ಬರುತ್ತದಲ್ಲ, ಅದನ್ನು ಎಲ್ಲಿ ಇಡುವುದು?

"ಕೈ ಮುಗೀಲಿ" ಎಂದರು ಅತ್ತೆ. "ಎರಡು ಕೈ ಸೇರಿದ್ರೆ ಬೈಯಕ್ಕೆ ಬಾಯಿ ಬರಲ್ಲ. ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ನಿಧಾನಕ್ಕೆ. ಅಷ್ಟರೊಳಗೆ ಸಿಟ್ಟು ಇಳಿದಿರತ್ತೆ."

ಕಾಳಿನ ಬೋಗುಣಿ ಪಕ್ಕಕ್ಕೆ ಸರಿಸಿ ಅಲ್ಲೇ ಅಭ್ಯಾಸ ಮಾಡಿಸಿದರು. ನಿವೇದಿತಾ ರೆಫರಿ. ಬಾಯಲ್ಲೇ ಸೀಟಿ ಊದಿ, ಅಡುಗೆಮನೆ ಬಾಗಿಲಲ್ಲಿ ನೀನು ಫ್ರಿಜ್ಜನ್ನು ತಳ್ಳಿದೆ ಎಂದು ತಪ್ಪು ಹೊರಿಸುತ್ತಿದ್ದಳು. ಮೊದಲೆರಡು ಸಲ ಟೆಲ್ಮೊ ಪೋರ್ಚುಗೀಸ್‌ನಲ್ಲಿ ಫ್ರಿಜ್ಜಿನ ಮೇಲೆಯೇ ಹರಿಹಾಯ್ದ. ಆಮೇಲಾಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚಿ, ಸೊಂಟದವರೆಗೆ ಬಗ್ಗಿ ನಿಲ್ಲುವುದನ್ನು ಕಲಿತ. ಅಷ್ಟು ಬಗ್ಗುವುದು ಬೇಡವಾಗಿತ್ತು. ಆದರೆ ಅತ್ತೆಗೆ ಅದು ಬಹಳ ಹಿಡಿಸಿತು.

ಭಾನುವಾರ ನಾವೆಲ್ಲ ಕಾರಿನಲ್ಲಿ ಆ ಊರಿಗೆ ಹೋದೆವು. ಟೆಲ್ಮೊ ಬೇಲಿಯಾಚೆಯಿಂದ ನಮ್ಮ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದ. ಬೆಳಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲವಂತೆ. ಬಸ್ಸಿನಲ್ಲಿ ಅವನ ತಂಡದವರು ಜ್ವರವೇ ಎಂದು ಹಣೆ ಮುಟ್ಟಿ ನೋಡಿದ್ದರಂತೆ.

ಆಟ ಶುರುವಾಯಿತು. ಅವನು ನಿಜವಾಗಿಯೂ ಮೌನವಾಗಿದ್ದ. ರೆಫರಿ ಒಮ್ಮೆ ಅವನ ವಿರುದ್ಧ ಸೀಟಿ ಊದಿದ; ಟೆಲ್ಮೊ ನಿಂತಲ್ಲೇ ಕೈ ಮುಗಿದು ಬಗ್ಗಿದ. ಅತ್ತೆ ನನ್ನ ತೋಳು ಚಿವುಟಿ, "ನೋಡ್ದಾ?" ಎಂದರು. ಎರಡನೆಯ ಸಲವೂ ಹಾಗೆಯೇ. ರೆಫರಿ ಅವನನ್ನು ವಿಚಿತ್ರವಾಗಿ ನೋಡಿ ಮುಂದೆ ಹೋದ. ಆದರೆ ಅಷ್ಟರಲ್ಲಿ ಬೇರೊಂದು ನಡೆಯುತ್ತಿತ್ತು. ಅಭ್ಯಾಸಬಲದಿಂದ ಟೆಲ್ಮೊನ ಕೂಗಿಗೆ ಕಾಯುತ್ತಿದ್ದ ತಂಡಕ್ಕೆ ಕೂಗೇ ಬರಲಿಲ್ಲ. ಬೆನ್ನ ಹಿಂದೆ ಯಾರಿದ್ದಾರೆಂದು ತಿಳಿಯದೆ ಒಬ್ಬ ಚೆಂಡು ಕಳೆದುಕೊಂಡ. ಇಬ್ಬರು ಒಂದೇ ಚೆಂಡಿಗೆ ಓಡಿ ಡಿಕ್ಕಿ ಹೊಡೆದುಕೊಂಡರು. ಟೆಲ್ಮೊ ಬಾಯಿ ಬಿಗಿಹಿಡಿದು ಕೈಸನ್ನೆ ಮಾಡುತ್ತಿದ್ದ. ಅವನ ಕಡೆ ಯಾರು ನೋಡುತ್ತಾರೆ? ಅರ್ಧ ಆಟಕ್ಕೆ ಎರಡು ಗೋಲು ಹಿಂದೆ.

ವಿರಾಮದಲ್ಲಿ ಅವನು ಬೇಲಿಯ ಹತ್ತಿರ ಬಂದ. ಕಣ್ಣಲ್ಲೇ ಅತ್ತೆಯನ್ನು ಏನೋ ಕೇಳುತ್ತಿದ್ದ.

"ನಾನು ಒಂದು ತಪ್ಪು ಹೇಳ್ಕೊಟ್ಟೆ ಕಣೆ" ಎಂದರು ಅತ್ತೆ ನಿವೇದಿತಾಳಿಗೆ. "ಇವನ ಕೆಲಸ ಏನು ಅಂತ ನೋಡದೇ ಹೇಳಿಬಿಟ್ಟೆ. ನಮ್ಮ ರಾಮಮಂದಿರದಲ್ಲಿ ನವಮಿ ಊಟಕ್ಕೆ ಪಂಕ್ತಿ ಹಾಕ್ತಾರಲ್ಲ, ಅಡುಗೆಮನೆಗೂ ಪಂಕ್ತಿಗೂ ಮಧ್ಯ ಬಾಗಿಲಲ್ಲಿ ಒಬ್ಬರು ನಿಂತಿರ್ತಾರೆ. ಆ ಎಲೆಗೆ ಅನ್ನ, ಈ ಸಾಲಿಗೆ ಸಾರು, ಅಲ್ಲಿ ಮಗುಗೆ ತುಪ್ಪ ಅಂತ ಕೂಗ್ತಾನೇ ಇರ್ಬೇಕು. ಬಡಿಸೋರು ಎಲ್ಲರಿಗೂ ಕಾಣ್ತಾರೆ, ಬಾಗಿಲಲ್ಲಿ ನಿಂತೋರು ಯಾರಿಗೂ ಕಾಣಲ್ಲ. ಎಷ್ಟು ವರ್ಷ ನಾನೇ ನಿಂತಿದೀನಿ. ಅವತ್ತೇನಾದ್ರೂ ನಾನು ಮೌನ ಹಿಡಿದಿದ್ರೆ ಜನ ಬರೀ ಉಪ್ಪು ನೆಕ್ಕೊಂಡು ಎದ್ದು ಹೋಗಿರೋರು. ಮಾತಾಡಕ್ಕೆ ಹೇಳು."

ನಿವೇದಿತಾ ಸಾರು, ತುಪ್ಪಕ್ಕೆಲ್ಲ ಸ್ವೀಡಿಷ್ ಹುಡುಕುತ್ತ ಹೇಗೋ ಹೇಳಿ ಮುಗಿಸಿದಳು. ಟೆಲ್ಮೊ ಬೆಳಗ್ಗೆಯಿಂದ ಮುಚ್ಚಿದ್ದ ಬಾಯಿ ತೆರೆದ.

"ಮೌನ ಮುರಿದ್ರೆ ದೇವರು ಕಾರ್ಡ್ ತೋರಿಸಲ್ವಾ, ಅಜ್ಜಿ?"

"ದೇವರ ಜೇಬಲ್ಲಿ ಚೀಟಿ ಇರಲ್ಲ ಅನ್ನು" ಎಂದರು ಅತ್ತೆ. "ಆದ್ರೆ ಆ ಸೀಟಿಯವನ ಹತ್ರ ಮಾತ್ರ ಕೈ ಮುಗಿಯೋದೇ. ಅದು ಬಿಡಬೇಡ."

ಎರಡನೆಯ ಅರ್ಧದಲ್ಲಿ ಟೆಲ್ಮೊನ ದನಿ ಸರೋವರದವರೆಗೆ ಕೇಳಿಸಿರಬೇಕು. ತಂಡಕ್ಕೆ ಕಣ್ಣು ಬಂದ ಹಾಗಾಯಿತು. ಒಂದು ಗೋಲು ಬಂತು. ಇನ್ನೊಂದೂ ಬಂತು. ಸಮವಾಯಿತು. ಅತ್ತೆ ತಮ್ಮ ಶಾಲು ಬಿಚ್ಚಿ ಬೀಸುತ್ತಿದ್ದರು. ಇನ್ನೇನು ಆಟ ಮುಗಿಯಬೇಕು, ಟೆಲ್ಮೊ ಚೆಂಡನ್ನು ಶುದ್ಧವಾಗಿ ಕಸಿದುಕೊಂಡ. ನನಗೂ ಅದು ಶುದ್ಧವೆಂದೇ ಕಂಡಿತು. ರೆಫರಿ ಸೀಟಿ ಊದಿದ.

ಯೋರಾನ್ ಕಣ್ಣು ಮುಚ್ಚಿಕೊಂಡರು. ಟೆಲ್ಮೊ ಎರಡು ಹೆಜ್ಜೆ ಓಡಿದವನು ನಿಂತ. ಕೈ ಜೋಡಿಸಿದ. ಕಣ್ಣು ಮುಚ್ಚಿ, ನಿಧಾನವಾಗಿ, ಫ್ರಿಜ್ಜಿಗೆ ಮಾಡಿದ್ದಕ್ಕಿಂತ ಚೆನ್ನಾಗಿ, ಸೊಂಟದವರೆಗೆ ಬಗ್ಗಿದ. ಆಚೆ ಬದಿಯ ಪ್ರೇಕ್ಷಕರು ಗೊಳ್ಳೆಂದು ನಕ್ಕರು. ರೆಫರಿಯ ಮುಖ ಕೆಂಪಾಯಿತು. ಜೇಬಿಗೆ ಕೈ ಹಾಕಿ ಹಳದಿ ಕಾರ್ಡ್ ಎತ್ತಿ ಹಿಡಿದ.

"ಅದು ಬಹುಮಾನವಾ?" ಎಂದರು ಅತ್ತೆ.

"ಅಲ್ಲ ಅಜ್ಜಿ" ಎಂದಳು ನಿವೇದಿತಾ. "ಮೂರನೇದು."

ಆಟ ಮುಗಿದ ಕೂಡಲೇ ಅತ್ತೆ ಸೀರೆ ಎತ್ತಿ ಕಟ್ಟಿ ಮೈದಾನಕ್ಕೆ ನಡೆದರು. ನಾನು ಹಿಂದೆ ಓಡಿದೆ. ಅವರು ರೆಫರಿಯ ಎದುರು ನಿಂತು, ಟೆಲ್ಮೊ ಮಾಡಿದ ಹಾಗೆಯೇ ಕೈ ಮುಗಿದರು. ಅವನಿಗೆ ದಿಕ್ಕು ತೋಚಲಿಲ್ಲ. ಇದು ನಾವು ದೇವರಿಗೂ ದೊಡ್ಡವರಿಗೂ ಮಾಡುವ ಮರ್ಯಾದೆ, ಸಿಟ್ಟು ತಡೆಯಲು ಇವರೇ ಅವನಿಗೆ ಕಲಿಸಿಕೊಟ್ಟದ್ದು ಎಂದು ನನಗೆ ಬಂದ ಸ್ವೀಡಿಷ್‌ನಲ್ಲಿ ಹೇಳಿದೆ. ಅವನ ಕಿವಿಯ ತುದಿಯವರೆಗೂ ಕೆಂಪು ಹತ್ತಿತು. ಮೂರು ಸಲವೂ ತನ್ನನ್ನು ಎಲ್ಲರೆದುರು ಅಣಕಿಸುತ್ತಿದ್ದಾನೆ ಎಂದುಕೊಂಡನಂತೆ. ಪಾಪ, ಅವನೂ ಅಡ್ಡಾದಿಡ್ಡಿಯಾಗಿ ಕೈ ಜೋಡಿಸಿ ಅತ್ತೆಗೆ ನಮಸ್ಕಾರ ಮಾಡಿದ. ಆದರೆ ತೋರಿಸಿದ ಕಾರ್ಡನ್ನು ಹಿಂದಕ್ಕೆ ತೆಗೆದುಕೊಳ್ಳುವ ನಿಯಮ ಇಲ್ಲ ಎಂದ.

ಟೆಲ್ಮೊ ಹುಲ್ಲಿನ ಮೇಲೆ ಕೂತು ಶೂ ದಾರ ಬಿಚ್ಚುತ್ತಿದ್ದ. ಅವನ ಜೀವನದಲ್ಲಿ ಕಾಲಿನ ತಪ್ಪೂ ಇಲ್ಲದೆ, ಒಂದು ಮಾತೂ ಆಡದೆ ಪಡೆದ ಕಾರ್ಡ್ ಅದೊಂದೇ. ಮೊದಲು ನಕ್ಕ. ನಗು ನಿಂತ ಮೇಲೆ ಮುಖ ಬೇರೆ ಕಡೆ ತಿರುಗಿಸಿದ.

ಅತ್ತೆಗೆ ಆ ವಾರ ಅನ್ನ ಸೇರಲಿಲ್ಲ. ಹದಿನೆಂಟು ವರ್ಷದ ಮೇಲೆ ಮಗನ ಆಟ ನೋಡಲು ಹೊರಟ ಅಪ್ಪನಿಗೆ ಅದು ತನ್ನಿಂದ ತಪ್ಪಿತು ಎಂದು ದೇವರ ಮುಂದೆ ಎರಡು ಬತ್ತಿ ಹೆಚ್ಚು ಹಚ್ಚಿದರು. ಬರಬೇಡಿ ಎಂದು ಹೇಳಲು ಟೆಲ್ಮೊ ಅಪ್ಪನಿಗೆ ಫೋನ್ ಮಾಡಿದನಂತೆ. ಅವರು, ಹೊಸ ಕನ್ನಡಕ ಮಾಡಿಸಿ ಆಗಿದೆ, ಬರುತ್ತೇನೆ ಎಂದರಂತೆ.

ಶನಿವಾರ ಅವರು ಬಂದರು. ಕುಳ್ಳಗಿನ ಮನುಷ್ಯ, ಬಿಸಿಲಿಗೆ ಸುಟ್ಟ ಮುಖ, ಉಣ್ಣೆ ಟೊಪ್ಪಿ, ಮುಖಕ್ಕಿಂತ ದೊಡ್ಡ ಕನ್ನಡಕ. ಊರಿನಿಂದ ತಂದ ಒಂದು ಚಂದದ ತಗಡಿನ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟರು. ಅವತ್ತು ಅತ್ತೆಗೆ ಮೌನ. ಒಳಗೇನಿದೆ ಎಂದು ಕೇಳುವ ಹಾಗಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಎಂದೂ ಮೀನು ಮುಟ್ಟದ ಅವರ ಕೈಯಲ್ಲಿ ಎಣ್ಣೆಯಲ್ಲಿ ಅದ್ದಿಟ್ಟ ಬೂತಾಯಿ ಮೀನಿನ ಡಬ್ಬಿ. ನಿವೇದಿತಾ ನಗು ತಡೆಯಲಾರದೆ ಬೆಂಚಿನ ಕೆಳಗೆ ಬಿದ್ದ ಪೆನ್ನು ಹುಡುಕುವವಳ ಹಾಗೆ ಬಗ್ಗಿದಳು.

ಚಳಿಗೆ ಮೊಣಕಾಲಿನ ಮೇಲೆ ಕಂಬಳಿ ಹೊದ್ದು ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಅಪ್ಪ, ಅವರ ಪಕ್ಕ ಟೆಲ್ಮೊ, ಆಮೇಲೆ ಅತ್ತೆ, ನಿವೇದಿತಾ, ನಾನು. ಮೈದಾನದ ನಡುವೆ ಟೆಲ್ಮೊನ ಜಾಗದಲ್ಲಿ ಎಮಿಲ್ ಎಂಬ ಬಡಗಿ. ಕೆಂಪು ಕೂದಲಿನ, ಕುದುರೆಯಂತೆ ಓಡುವ, ಮಾತೇ ಆಡದ ಆಳು. ಬೆಳಗ್ಗೆ ಆ ಗೆರೆಗಳನ್ನೆಲ್ಲ ಎಳೆದದ್ದು ಟೆಲ್ಮೊನೇ.

ಅಪ್ಪ ಮುಂದಕ್ಕೆ ಬಾಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಎಮಿಲ್ ಎಲ್ಲ ಕಡೆಗೂ ಓಡುತ್ತಿದ್ದ. ಎದುರಾಳಿಗಳು ಒಂದು ಗೋಲು ಹೊಡೆದರು, ಇನ್ನೊಂದು ಕಂಬಕ್ಕೆ ಬಡಿದು ಹೋಯಿತು. ಆಗ ಅಪ್ಪ ಟೊಪ್ಪಿ ತೆಗೆದು ಅದರಿಂದ ಮೈದಾನದ ಕಡೆ ತೋರಿಸಿದರು. ಅವರಿಬ್ಬರೂ ಆಡಿಕೊಂಡದ್ದನ್ನು ಟೆಲ್ಮೊ ಆಮೇಲೆ ನಮಗೆ ಹೇಳಿದ.

"ಅಲ್ಲಿ ಯಾರೋ ಇರಬೇಕಿತ್ತು."

"ಎಲ್ಲಿ ಅಪ್ಪ?"

"ಆ ಕೆಂಪು ತಲೆಯವನು ಬಿಟ್ಟು ಓಡ್ತಾನಲ್ಲ, ಅಲ್ಲಿ. ಬಲೆ ಅಲ್ಲೇ ಹರಿದಿದೆ. ಎಲ್ಲ ಅಲ್ಲಿಂದಲೇ ನುಸುಳ್ತಾ ಇದೆ."

"ಅದು ನನ್ನ ಜಾಗ."

ಅಪ್ಪ ಮಗನ ಕಡೆ ತಿರುಗಲಿಲ್ಲ. ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. "ಇಷ್ಟು ವರ್ಷ ಅಲ್ಲೇ ನಿಂತಿದ್ಯಾ?"

"ಅಲ್ಲೇ."

"ಅದಕ್ಕೇ ಕಾಣಲಿಲ್ಲ" ಎಂದರು. "ಬಲೆ ಹರೀದೆ ಇದ್ರೆ ಬಲೆ ಯಾರು ನೋಡ್ತಾರೆ."

ಅಷ್ಟು ಹೇಳಿ ಮಗನ ಮೊಣಕಾಲಿನ ಮೇಲೆ, ಕಂಬಳಿಯ ಮೇಲಿನಿಂದಲೇ ಕೈ ಇಟ್ಟರು. ಅದು ನೋವಿನ ಮೊಣಕಾಲು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಅವರ ಮಾತು ಆಗ ನಮಗೆ ತಿಳಿಯದಿದ್ದರೂ ಆ ಕೈಯನ್ನು ನಾವೆಲ್ಲ ನೋಡಿದೆವು. ನಾನು ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡೆ.

ಎರಡನೆಯ ಅರ್ಧದಲ್ಲಿ ನಮ್ಮವರು ಒಂದು ಗೋಲು ತೀರಿಸಿದರು. ಉಳಿದದ್ದು ಸ್ವಲ್ಪ ಹೊತ್ತು. ಎದುರಾಳಿಯೊಬ್ಬ ಚೆಂಡು ಹಿಡಿದು ನಡುವೆ ಬರುತ್ತಿದ್ದ. ಎಮಿಲ್ ಮತ್ತೆ ಬದಿಗೆ ಓಡತೊಡಗಿದ. ಬಲೆ ಹರಿಯತೊಡಗಿತು. ಅಪ್ಪ ಎದ್ದು ನಿಂತು ಪೋರ್ಚುಗೀಸ್‌ನಲ್ಲಿ ಕೂಗಿದರು. ಅದರ ಬೆನ್ನಿಗೇ ನಮ್ಮ ಸಾಲಿನಿಂದಲೇ ಇನ್ನೊಂದು ದನಿ ಎದ್ದಿತು.

"ಏ ಕೆಂಪು ತಲೆ, ಬಾಗಿಲು ಬಿಟ್ಟು ಎಲ್ಲಿಗೋ ಹೋಗ್ತೀಯ! ನಡುವೆ ನಿಂತ್ಕೊಳ್ಳೋ!"

ಅತ್ತೆ. ಶನಿವಾರ, ಸಂಜೆ ದೀಪ ಇನ್ನೂ ದೂರ.

ಎಮಿಲ್‌ಗೆ ಪೋರ್ಚುಗೀಸೂ ಬಾರದು, ಕನ್ನಡವೂ ಬಾರದು. ಆದರೆ ತಿರುಗಿ ನೋಡಿದಾಗ ಒಂದು ಟೊಪ್ಪಿ, ಒಂದು ಸೆರಗಿನ ತುದಿ, ಎರಡೂ ಒಂದೇ ಜಾಗವನ್ನು ತೋರಿಸುತ್ತಿದ್ದವು. ಅವನು ಹಿಂದಕ್ಕೆ ಬಂದು ಅಲ್ಲಿ ನಿಂತ. ದಾರಿ ಮುಚ್ಚಿತು. ಎದುರಾಳಿ ಬೇರೆ ಕಡೆ ಹೋದ, ಚೆಂಡು ಗೆರೆಯಾಚೆ ಹೋಯಿತು. ಅಲ್ಲಿ ಏನೂ ನಡೆಯಲೇ ಇಲ್ಲ. ಪಂದ್ಯ ಸಮವಾಗಿ ಮುಗಿಯಿತು.

ಅಪ್ಪ ಮತ್ತು ಅತ್ತೆ ಇನ್ನೂ ಕೂಗುತ್ತಲೇ ಇದ್ದರು, ಈಗ ಒಬ್ಬರಿಗೊಬ್ಬರು, ಎರಡು ಭಾಷೆಯಲ್ಲಿ, ಯಾರು ಎಲ್ಲಿ ನಿಲ್ಲಬೇಕಿತ್ತೆಂದು. ಅವರ ನಡುವೆ ಟೆಲ್ಮೊ ಒಂದು ಮಾತೂ ಆಡದೆ ಕೂತಿದ್ದ. ಅವನ ಎರಡೂ ಕೈ ಜೋಡಿಕೊಂಡಿದ್ದವು. ಈ ಸಲ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ನಮ್ಮ ಮನೆಯಲ್ಲಿ ಎಲ್ಲರಿಗೂ ಚಿತ್ರಾನ್ನ. ದೀಪ ಹಚ್ಚುವಾಗ ಅತ್ತೆಯ ಮುಖ ಸಣ್ಣಗಾಯಿತು. ಇಷ್ಟು ವರ್ಷದ ಮೌನ ಮುರಿದುಹೋಯಿತಲ್ಲ ಎಂದರು. ಅದೂ ಸಾಲದೆಂದು ನಿವೇದಿತಾ ಆ ಡಬ್ಬಿಯಲ್ಲಿರುವುದೇನೆಂದೂ ಆಗಲೇ ಹೇಳಿದ್ದಳು.

"ದೇವರ ಜೇಬಲ್ಲಿ ಚೀಟಿ ಇರಲ್ಲ ಅಂತ ನೀವೇ ಹೇಳಿದ್ರಲ್ಲ, ಅಜ್ಜಿ" ಎಂದಳು ನಿವೇದಿತಾ.

ಅತ್ತೆ ಬತ್ತಿ ಸರಿಮಾಡಿ, ಡಬ್ಬಿಯನ್ನು ಸೆರಗಿನ ತುದಿಯಲ್ಲಿ ಹಿಡಿದು ತಂದು ಟೆಲ್ಮೊನ ಅಪ್ಪನ ತಟ್ಟೆಯ ಪಕ್ಕದಲ್ಲಿ ಇಟ್ಟರು. "ಮೊದಲು ಅವರಿಗೆ ಬಡಿಸು, ಆಮೇಲೆ ನನ್ನ ತಪ್ಪು ಎಣಿಸೀಯಂತೆ" ಎಂದು ಅಡುಗೆಮನೆ ಬಾಗಿಲಲ್ಲಿ ಹೋಗಿ ನಿಂತರು.